ಪುಕ್ಕಲು ಹುಳುಗಳು

ತೊರೆಕೋಡಿ ಅಳಿವೆಯಲ್ಲಿ ಇವತ್ತು ಬಳಚು ಹೆಕ್ಕಬಹುದೋ ಬಾರದೋ ಎಂದು ತೀರ್ಮಾನಿಸುವ ಅಧಿಕಾರ ಪಂಚಾಯ್ತಿಗೂ ಇರಲಿಲ್ಲ, ಜಿಲ್ಲಾಧಿಕಾರಿಗೂ ಇರಲಿಲ್ಲ. ಅದು ಇದ್ದದ್ದು ನಾನೂರು ಕಡಲ ಬಸವನಹುಳುಗಳಿಗೆ. ಅವಕ್ಕೆ ಮತದಾನದ ಹಕ್ಕೊಂದನ್ನು ಬಿಟ್ಟು ಉಳಿದ ಎಲ್ಲ ಹಕ್ಕನ್ನೂ ಸರಕಾರ ಕೊಟ್ಟಿತ್ತು ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

ತಮಾಷೆಯ ಹಿಂದೆ ಹೆದರಿಕೆಯ ಕಥೆಯೇ ಇತ್ತು. ಕಡಲು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತ ಬಂದು, ಬೇಸಗೆಯಲ್ಲಿ ನೀರಿನ ಮೇಲೆ ಒಂದು ಕೆಂಪು ಪಾಚಿ ಬೆಳೆಯತೊಡಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು. ಕೆಸರಿನಲ್ಲಿ ಹುದುಗಿರುವ ಬಳಚು ಎಂಬ ಚಿಪ್ಪುಮೀನುಗಳು ಅದನ್ನು ತಿನ್ನುತ್ತವೆ. ಬಳಚಿಗೆ ಏನೂ ಆಗುವುದಿಲ್ಲ. ಬಳಚಿನ ಸಾರು ಉಂಡವರ ತುಟಿ ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಕುದಿಸಿದರೂ ಹುರಿದರೂ ಆ ವಿಷ ಹೋಗುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರಲು ನಾಲ್ಕು ದಿನ, ಬಳಚು ಹೊಟ್ಟೆ ಸೇರಲು ನಾಲ್ಕು ತಾಸು. ತೆಂಕಣ ಊರೊಂದರಲ್ಲಿ ಒಂದೇ ದಿನ ಹದಿಮೂರು ಜನ ಸತ್ತ ಮೇಲೆ ಅಳಿವೆಗೆ ಹುಳುಗಳನ್ನು ಕಾವಲಿಗೆ ಹಾಕಲಾಯಿತು.

ಹೆಬ್ಬೆರಳ ಗಾತ್ರದ, ಬಿಳಿ ಚಿಪ್ಪಿನ ಮೇಲೆ ಕಂದು ಚುಕ್ಕೆಗಳಿದ್ದ ಹುಳು ಅದು. ಮುಂದೆ ಸೊಂಡಿಲಿನಂಥ ಕೊಳವೆ ಚಾಚಿ ನೀರನ್ನು ಒಳಗೆಳೆದುಕೊಂಡು ಮೂಸುತ್ತದೆ. ವಾಸನೆ ಸರಿಕಾಣದಿದ್ದರೆ ಒಳಗೆ ಸರಿದು, ಕಾಲಿಗೆ ಅಂಟಿಕೊಂಡ ಗಟ್ಟಿ ಬಿಲ್ಲೆಯೊಂದನ್ನು ಬಾಗಿಲಿಗೆ ಅಡ್ಡ ಒತ್ತಿಕೊಳ್ಳುತ್ತದೆ. ಅದೇ ಅದರ ಮುಚ್ಚಳ. ಈ ಮುಚ್ಚಳಕ್ಕೆ ಕೂದಲೆಳೆಯಂಥ ತಂತಿ ಅಂಟಿಸಿ, ಹುಳುಗಳನ್ನು ಪಂಜರಗಳಲ್ಲಿಟ್ಟು, ಅಳಿವೆಯ ಉದ್ದಕ್ಕೂ ನೆಟ್ಟ ಕಂಬಗಳಿಗೆ ಕಟ್ಟಿದ್ದರು. ನೂರಕ್ಕೆ ಅರವತ್ತು ಹುಳುಗಳು ಕಾಲು ಗಂಟೆಯೊಳಗೆ ಮುಚ್ಚಳ ಹಾಕಿಕೊಂಡರೆ ದೋಣಿಗಳು ನಿಲ್ಲುವ ದಕ್ಕೆಯ ಮೇಲಿನ ದೀಪ ಕೆಂಪಾಗುತ್ತದೆ. ಕೆಂಪು ದೀಪವಿದ್ದಾಗ ಬಳಚು ಹೆಕ್ಕಲು ನೀರಿಗಿಳಿದ ಹೆಂಗಸಿನ ಗುರುತಿನ ಚೀಟಿ ಕಿತ್ತುಕೊಳ್ಳುತ್ತಾರೆ. ಅಷ್ಟೇ ಕಾನೂನು.

ಈ ವ್ಯವಸ್ಥೆಗೆ 'ಅಳಿವೆ ಕಾವಲು ಕೇಂದ್ರ' ಎಂದು ಹೆಸರು. ಊರಿನವರ ಬಾಯಲ್ಲಿ ಹುಳದ ಆಫೀಸು. ಅಲ್ಲಿ ಕೆಲಸಕ್ಕಿದ್ದವರಲ್ಲಿ ತೊರೆಕೋಡಿಯವಳು ಒಬ್ಬಳೇ, ರೋಹಿಣಿ ಅಂಬಿಗ. ಪ್ರಾಣಿಶಾಸ್ತ್ರ ಓದಿದವಳು. ಹುಳುಗಳಿಗೆ ಮೀನಿನ ಚೂರು ಹಾಕುವುದು, ಪಂಜರ ತೊಳೆಯುವುದು, ಮೊಟ್ಟೆ ಇಡಿಸುವುದು, ವರ್ಷಕ್ಕೊಮ್ಮೆ ಹಳೆಯವನ್ನು ತೆಗೆದು ಹೊಸ ಪೀಳಿಗೆಯನ್ನು ಕಂಬಕ್ಕೆ ಕಟ್ಟಿಸುವುದು, ಎಲ್ಲ ಅವಳ ಪಾಲಿಗೆ. ಯಾವ ತಾಯಿಹುಳುವಿನ ಮೊಟ್ಟೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೂ ಅವಳ ಕೈಯಲ್ಲೇ ಇತ್ತು. ಆ ಕೆಲಸವನ್ನು ಯಾರೂ ದೊಡ್ಡದೆಂದು ತಿಳಿದಿರಲಿಲ್ಲ, ಅವಳೂ ತಿಳಿದಿರಲಿಲ್ಲ.

ಮೊದಲ ವರ್ಷದ ಮಳೆಗಾಲ ಊರಿಗೆ ನರಕವಾಯಿತು. ಹುಳುವಿಗೆ ವಿಷವೊಂದೇ ಶತ್ರುವಲ್ಲ. ಹೊಳೆಯಲ್ಲಿ ಮಳೆಯ ಕೆಸರು ನೀರು ಬಂದು ಉಪ್ಪು ಕಡಿಮೆಯಾದರೆ ಮುಚ್ಚಳ. ದೋಣಿಯ ಎಣ್ಣೆ ಸೋರಿದರೆ ಮುಚ್ಚಳ. ಬಿಸಿಲು ಚುರುಕಾದರೂ ಮುಚ್ಚಳ. ಯಂತ್ರಕ್ಕೆ ಇದೆಲ್ಲ ಒಂದೇ. ದೀಪ ಒಂಬತ್ತು ದಿನ ಕೆಂಪಾಗಿಯೇ ಉರಿಯಿತು.

ಹತ್ತನೇ ದಿನ ಮಧ್ಯಾಹ್ನ ರೋಹಿಣಿ ಅಕ್ಕನ ಮನೆಗೆ ಹೋದಾಗ, ಬೀರಮ್ಮ ಜಗಲಿಯಲ್ಲಿ ಖಾಲಿ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆಯೇ ಕೂತಿದ್ದಳು. ಬೀರಮ್ಮ ರೋಹಿಣಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ರೋಹಿಣಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡವಿ ಬಳಚು ಹೆಕ್ಕಿ ತಂಗಿಯನ್ನು ಕಾಲೇಜಿನವರೆಗೆ ತಂದವಳು ಈ ಅಕ್ಕ. ಅವಳ ಅಂಗಾಲಿನಲ್ಲಿ ಚಿಪ್ಪು ಕೊಯ್ದ ಗೀರುಗಳಿಗೆ ಲೆಕ್ಕವಿರಲಿಲ್ಲ.

"ಬಾ, ಹುಳದ ಸಾಹೇಬ್ತಿ," ಎಂದಳು ಬೀರಮ್ಮ. "ಎಂತ ಹೇಳ್ತವೆ ನಿನ್ನ ಧಣಿಗಳು?"

"ಮಳೆ ನೀರು ಬಂದದೆ ಅಕ್ಕ. ಅದ್ಕೆ ಹೆದ್ರಿಕಂಡವೆ."

"ಮಳೆಗಾಲ್ದಲ್ಲಿ ಮಳೆ ನೀರು ಬರ್ದೆ ಎಂತ ಪಾನಕ ಬರ್ತದ್ಯಾ? ನಾವು ಹುಟ್ಟಿದಾಗಿಂದ ಈ ನೀರಲ್ಲೇ ನಿಂತವ್ರು. ನಮ್ಗೆ ಗೊತ್ತಿಲ್ದಿದ್ದು ನಿನ್ನ ಹುಳಕ್ಕೆ ಗೊತ್ತಾತಾ?"

ಒಳಗಿನಿಂದ ಭಾವ ಹೊನ್ನಪ್ಪ ನಗುತ್ತ ಹೊರಬಂದ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬಾರದ ಮನುಷ್ಯ. "ಬೈಬೇಡ್ವೇ ಅವ್ಳಿಗೆ. ಸಂಬ್ಳ ಕೊಡೋರು ಹೇಳಿದ್ ಮಾಡ್ತಾಳೆ. ಗಂಜಿ ಉಂಡ್ಯಾ ರೋಹಿಣಿ?" ಎಂದು ಕೇಳಿದ. ಆ ಮನೆಯಲ್ಲಿ ಗಂಜಿಯ ಜೊತೆಗೆ ನೆಂಚಿಕೊಳ್ಳಲು ಉಪ್ಪಿನ ಹರಳು ಬಿಟ್ಟು ಬೇರೇನೂ ಇಲ್ಲವೆಂಬುದು ಅವಳಿಗೆ ಕಾಣುತ್ತಿತ್ತು. ಉಂಡು ಬಂದಿದ್ದೇನೆಂದು ಸುಳ್ಳು ಹೇಳಿದಳು.

ಹೊರಡುವಾಗ ಬೀರಮ್ಮ ಅಂಗಳದವರೆಗೆ ಬಂದು, ದನಿ ತಗ್ಗಿಸಿ ಕೇಳಿದಳು: "ಅಲ್ವೇ, ನಾನೂರು ಹುಳವೂ ಒಂದೇ ಸಲ ಹೆದರ್ತವಾ? ಅದ್ರಲ್ಲಿ ಪುಕ್ಲು ಯಾವ್ದು, ಗಟ್ಟಿ ಯಾವ್ದು ಅಂತ ಇರೂದಿಲ್ವಾ? ಮನುಷ್ಯರಲ್ಲಿ ಇಲ್ವಾ?"

ರೋಹಿಣಿ ನಕ್ಕು ದಾರಿ ಹಿಡಿದಳು. ಆದರೆ ಮಾತು ತಲೆಯೊಳಗೆ ಹೊಕ್ಕಿತ್ತು.

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಕೂತು ಅವಳು ಇಡೀ ಮಳೆಗಾಲದ ದಾಖಲೆ ತೆಗೆದಳು. ಪರದೆಯ ಮೇಲೆ ನಾನೂರು ಚುಕ್ಕೆ. ಯಾವ ಚುಕ್ಕೆ ಯಾವ ನಿಮಿಷಕ್ಕೆ ಮುಚ್ಚಿತು ಎಂಬುದೆಲ್ಲ ಅಲ್ಲಿತ್ತು. ಅಕ್ಕ ಹೇಳಿದ್ದು ಸರಿ. ಪ್ರತಿ ಸಲ ಮೊದಲು ಮುಚ್ಚಳ ಹಾಕುತ್ತಿದ್ದವು ಅವೇ ನಲವತ್ತು ಐವತ್ತು ಹುಳುಗಳು. ಹೆದರಿದ ಹುಳು ಲೋಳೆಯ ಜೊತೆ ಒಂದು ವಾಸನೆ ಬಿಡುತ್ತದೆ. ಪಕ್ಕದ ಹುಳು ಅದನ್ನು ಮೂಸಿ ತಾನೂ ಒಳಗೆ ಸರಿಯುತ್ತದೆ. ಒಬ್ಬರು ಓಡಿದರೆಂದು ಬೀದಿಯೆಲ್ಲ ಓಡಿದ ಹಾಗೆ. ಅಂದರೆ ಬೆರಳೆಣಿಕೆಯ ಪುಕ್ಕಲು ಹುಳುಗಳು ಒಂದೂರಿನ ಒಲೆ ಆರಿಸುತ್ತಿದ್ದವು.

ಅವಳಿಗೆ ನಿಜಕ್ಕೂ ರೋಷ ಬಂತು. ಹುಳುಗಳ ಮೇಲೆ ಯಾರಾದರೂ ರೋಷಗೊಳ್ಳುತ್ತಾರೆಯೇ? ಅವಳು ರೋಷಗೊಂಡಳು.

ಮೊಟ್ಟೆಯ ಕಾಲ ಬಂದಾಗ ರೋಹಿಣಿ ಆ ನಲವತ್ತೆಂಟು ಹುಳುಗಳನ್ನು ಮೊಟ್ಟೆ ಇಡಿಸುವ ತೊಟ್ಟಿಯಿಂದ ಎತ್ತಿ ಬದಿಗೆ ಹಾಕಿದಳು. ಉಳಿದವುಗಳಿಗೆ ಸಿಹಿನೀರು ಚಿಮುಕಿಸಿ ನೋಡಿದಳು. ಥಟ್ಟನೆ ಮುಚ್ಚಿಕೊಂಡವು ಬೇಡ. ಸಾವಕಾಶ ಮಾಡಿದವು ಇರಲಿ. ಮುಚ್ಚಿಕೊಳ್ಳದೆ ಮೀನಿನ ಚೂರು ಮೇಯುತ್ತಲೇ ಇದ್ದವು ಬಲು ಒಳ್ಳೆಯವು. ಅವುಗಳಿಗೆ ಅವಳು 'ಸಮಾಧಾನಿ'ಗಳೆಂದು ಹೆಸರಿಟ್ಟಳು, ಅವೇ ತಾಯಿಗಳಾದವು. ಸಮಾಧಾನಿಗಳು ಚೆನ್ನಾಗಿ ತಿಂದವು, ದಷ್ಟಪುಷ್ಟವಾಗಿ ಬೆಳೆದವು, ತೊಟ್ಟಿಯಲ್ಲಿ ಇಳಿಬಿಟ್ಟ ಹಗ್ಗದ ತುಂಬ ಮೊಟ್ಟೆಯ ಚೀಲಗಳನ್ನು ಗೊಂಚಲಾಗಿ ಅಂಟಿಸಿದವು. ಹೆಚ್ಚಾದ ಮರಿಗಳನ್ನು ಸಾಯಿಸಲು ಮನಸ್ಸು ಬಾರದೆ ಅಳಿವೆಯ ಬಾಯಲ್ಲಿ ನೀರಿಗೆ ಬಿಟ್ಟಳು.

ಹೀಗೆ ಆರು ವರ್ಷ, ಆರು ಪೀಳಿಗೆ. ವರ್ಷಕ್ಕೆ ಅರವತ್ತೊಂದು ದಿನ ಕೆಂಪಾಗುತ್ತಿದ್ದ ದೀಪ ನಲವತ್ತಕ್ಕೆ ಇಳಿಯಿತು, ಹದಿನೆಂಟಕ್ಕೆ ಇಳಿಯಿತು, ಕಡೆಗೆ ವರ್ಷವಿಡೀ ನಾಲ್ಕೇ ದಿನ. ಬೀರಮ್ಮನ ಮನೆಯ ಮಾಡಿಗೆ ಹೊಸ ಹಂಚು ಬಂತು. ಹೆಂಗಸರು ಹುಳದ ಆಫೀಸಿನ ಮುಂದೆ ಹಾದುಹೋಗುವಾಗ ಹಿಡಿಶಾಪ ಹಾಕುವುದು ನಿಂತು, "ರೋಹಿಣಿ, ನಿನ್ನ ಹುಳಕ್ಕೆ ಹೊಟ್ಟೆ ತುಂಬ ಹಾಕೇ" ಎಂದು ಕೂಗಿ ನಗುವುದು ಶುರುವಾಯಿತು. ಕೇಂದ್ರದ ನಿರ್ದೇಶಕ ಡಾಕ್ಟರ್ ವಿಶ್ವಂಭರರಿಗಂತೂ ಹಿಡಿಸಲಾರದಷ್ಟು ಸಂತೋಷ. ಸುಳ್ಳು ಎಚ್ಚರಿಕೆ ಕಡಿಮೆ ಮಾಡಿದ್ದಕ್ಕೆ ಅವರಿಗೆ ರಾಜಧಾನಿಯಲ್ಲಿ ಶಾಲು ಹೊದಿಸಿದರು. ಅವರು ಒಳ್ಳೆಯ ಮನುಷ್ಯರು. ವೇದಿಕೆಯಿಂದಲೇ ರೋಹಿಣಿಯ ಹೆಸರು ಹೇಳಿದರು. ಹೇಗೆ ಕಡಿಮೆಯಾಯಿತು ಎಂದು ಮಾತ್ರ ಅವರು ಕೇಳಲಿಲ್ಲ. ಒಳ್ಳೆಯ ಸುದ್ದಿಗೆ ಯಾರೂ ಕಾರಣ ಕೇಳುವುದಿಲ್ಲ. ತೊರೆಕೋಡಿಯ ಮೊಟ್ಟೆಗಳನ್ನು ಕರಾವಳಿಯ ಇನ್ನೂ ಹನ್ನೊಂದು ಅಳಿವೆಗಳಿಗೆ ಕಳಿಸಲಾಯಿತು.

ವರ್ಷಕ್ಕೊಮ್ಮೆ ನೀರಿಗೆ ನಿಜವಾದ ವಿಷದ ಹನಿ ಹಾಕಿ ಹುಳುಗಳನ್ನು ಪರೀಕ್ಷಿಸಬೇಕೆಂದು ನಿಯಮವಿತ್ತು. ಆ ವಿಷದ ಸೀಸೆ ದೂರದಿಂದ ಬರಬೇಕು. ಮೂರನೇ ವರ್ಷದಿಂದ ಅದು ಬರಲಿಲ್ಲ. ಒಂದೆರಡು ಪತ್ರ ಬರೆದು ರೋಹಿಣಿಯೂ ಸುಮ್ಮನಾದಳು.

ಏಳನೇ ವರ್ಷದ ಬೇಸಗೆಯಲ್ಲಿ, ಹುಣ್ಣಿಮೆಯ ಮರುದಿನ ಬೆಳಿಗ್ಗೆ, ದೊಡ್ಡ ಇಳಿತ ಬಂತು. ಇಂಥ ಇಳಿತದಲ್ಲಿ ಅಳಿವೆಯ ಮರಳುದಿಬ್ಬಗಳೆಲ್ಲ ಬಯಲಾಗಿ ಇಡೀ ಊರು ಬುಟ್ಟಿ ಹಿಡಿದು ಇಳಿಯುತ್ತದೆ. ಏಳು ಗಂಟೆಗೆ ರೋಹಿಣಿ ಕಿಟಕಿಯಿಂದ ನೋಡಿದಳು. ದಿಬ್ಬಗಳ ನಡುವಿನ ಕಾಲುವೆಗಳಲ್ಲಿ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದಂತೆ ಕಂಡಿತು. ಪರದೆ ನೋಡಿದಳು. ಹೆಚ್ಚುಕಡಿಮೆ ನಾನೂರು ಚುಕ್ಕೆಯೂ ಹಸಿರು. ಮುಚ್ಚಳ ಹಾಕಿದ್ದು ಮೂರೇ ಮೂರು.

ಡಾಕ್ಟರ್ ವಿಶ್ವಂಭರರಿಗೆ ಫೋನು ಮಾಡಿದಳು. "ಸರ್, ನೀರಿನ ಬಣ್ಣ ಯಾಕೋ ಸರಿ ಇಲ್ಲ."

"ಹುಳುಗಳು ಏನನ್ನುತ್ತಿವೆ?"

"ತಿನ್ನುತ್ತಿವೆ ಸರ್. ಆರಾಮಾಗಿವೆ."

"ಮತ್ತೆ? ನಿಮ್ಮ ಕಣ್ಣಿಗಿಂತ ಅವುಗಳ ಮೂಗು ಚುರುಕು ಎಂದೇ ಅಲ್ಲವೇ ನಾವು ಇಷ್ಟೆಲ್ಲ ಮಾಡಿರುವುದು? ಸ್ಯಾಂಪಲ್ ಕಳಿಸಿಬಿಡಿ, ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ."

ಮೇಜಿನ ಮೂಲೆಯಲ್ಲಿ ಒಂದು ಗುಂಡಿ ಇತ್ತು. ಹುಳುಗಳು ಏನೇ ಹೇಳಲಿ, ಅದನ್ನು ಒತ್ತಿದರೆ ದೀಪ ಕೆಂಪಾಗುತ್ತದೆ. ಒತ್ತುವ ಅಧಿಕಾರ ರೋಹಿಣಿಗೆ ಇತ್ತು. ಅವಳು ಬೆರಳನ್ನು ಗುಂಡಿಯ ಮೇಲಿಟ್ಟಳು. ಕೆಳಗೆ ದಕ್ಕೆಯ ಹತ್ತಿರ ಹೆಂಗಸರು ಸೀರೆ ಎತ್ತಿ ಕಟ್ಟಿ ನಗುತ್ತ ಇಳಿಯುತ್ತಿದ್ದರು. ಬೀರಮ್ಮ ಎಲ್ಲರಿಗಿಂತ ಮುಂದೆ. ವರ್ಷಕ್ಕೆ ಎರಡೋ ಮೂರೋ ಬರುವ ಇಳಿತ ಇದು. ಬಣ್ಣ ನೋಡಿ ಹೆದರಿದೆ ಎಂದರೆ ತಾನೂ ಒಂದು ಪುಕ್ಕಲು ಹುಳುವೇ ಆದಂತಾಯಿತಲ್ಲ ಎನಿಸಿತು. ಬೆರಳು ತೆಗೆದಳು.

ಹನ್ನೆರಡೂವರೆಗೆ ಬೀರಮ್ಮನ ಫೋನು ಬಂತು. "ಇವ್ರು ಎಂತಕೋ ತೊದಲ್ತಾರೆ. ಬಾರೇ ಒಂಚೂರು."

ರೋಹಿಣಿ ಓಡಿದಳು. ಹೊನ್ನಪ್ಪ ಊಟದ ತಟ್ಟೆಯ ಮುಂದೆಯೇ ಗೋಡೆಗೆ ಒರಗಿ ಕೂತಿದ್ದ. ಮುಖದಲ್ಲಿ ಇನ್ನೂ ನಗು ಇತ್ತು. "ತುಟಿಗೆ ಜೋಮು ಹಿಡ್ದದೆ ಮಾರಾಯ್ತಿ. ನನ್ ತುಟಿಯೇ ಅಲ್ಲ ಅನ್ಸ್ತದೆ," ಎಂದ. ಸ್ವಲ್ಪ ಹೊತ್ತಿಗೆ ಬಲಗೈ ಎತ್ತಲು ಹೋದ, ಕೈ ಏಳಲಿಲ್ಲ. ಆ ಕೈಯನ್ನೇ ಬೆರಗಿನಿಂದ ನೋಡುತ್ತ ಕೂತ.

"ನೀನು ಉಂಡ್ಯಾ ಅಕ್ಕ?" ರೋಹಿಣಿ ತಟ್ಟೆಯನ್ನು ದೂರ ಸರಿಸಿದಳು.

"ಇಲ್ವೇ. ಇವ್ರದ್ದು ಆಗ್ಲಿ ಅಂತ ಕಾಯ್ತಿದ್ದೆ."

ಆ ಊರಿನಲ್ಲಿ ಹೆಂಗಸರು ಬಡಿಸಿ, ಗಂಡಸರ ಊಟ ಮುಗಿದ ಮೇಲೆ ಉಣ್ಣುವುದು ವಾಡಿಕೆ. ಆ ದಿನ ಬಳಚು ಹೆಕ್ಕಿ ತಂದ ಹೆಂಗಸರು ಬದುಕಿದರು, ಬಡಿಸಿಕೊಂಡವರು ಹೋದರು. ಆಂಬುಲೆನ್ಸು ತಾಲೂಕು ಆಸ್ಪತ್ರೆಯ ದಾರಿ ಹಿಡಿದು ಅರ್ಧ ತಾಸಾಗುವಾಗ ಹೊನ್ನಪ್ಪನ ಎದೆ ಏರುವುದು ನಿಂತಿತು. ಕೊನೆಯವರೆಗೆ ಅವನಿಗೆ ಎಚ್ಚರವಿತ್ತು. ಕಣ್ಣು ಬೀರಮ್ಮನ ಮೇಲೆಯೇ ಇತ್ತು. ಮಾತಾಡಲು ಬಾಯಿ ಇರಲಿಲ್ಲ. ಇಡೀ ಊರಿನಲ್ಲಿ ಸತ್ತವರು ಒಂಬತ್ತು ಜನ. ದಕ್ಕೆಯ ದೀಪ ಸಂಜೆಯವರೆಗೂ ಹಸಿರಾಗಿಯೇ ಉರಿಯುತ್ತಿತ್ತು.

ಮೂರನೇ ದಿನ ತನಿಖೆಯ ಸಮಿತಿ ಬಂತು. ಹುಳುಗಳನ್ನು ತೂಗಿ, ತಂತಿ ಪರೀಕ್ಷಿಸಿ, ಎದೆಬಡಿತ ಎಣಿಸಿ, ಉಪಕರಣದಲ್ಲಿ ಯಾವ ದೋಷವೂ ಇಲ್ಲವೆಂದು ಬರೆಯಿತು. ಹುಳುಗಳು ಸರಿಯಾಗಿದ್ದ ಮೇಲೆ ತಪ್ಪು ಹೆಂಗಸರದ್ದೇ ಇರಬೇಕಲ್ಲ. ಗೊತ್ತುಪಡಿಸಿದ ಗಡಿಯಾಚೆಯಿಂದ ಬಳಚು ತಂದಿರಬಹುದು ಎಂದೂ ಬರೆಯಿತು.

ಅಷ್ಟರಲ್ಲಿ ರೋಹಿಣಿ ಮಾಡಬೇಕಾದ್ದನ್ನೆಲ್ಲ ಮಾಡಿ ನೋಡಿದ್ದಳು. ಕಾಲುವೆಯ ಕೆಂಪು ನೀರು ತಂದು ತೊಟ್ಟಿಗೆ ಸುರಿದಳು. ಸಮಾಧಾನಿಗಳು ಸೊಂಡಿಲು ಚಾಚಿ ಒಮ್ಮೆ ಮೂಸಿ, ಮತ್ತೆ ಮೀನಿಗೆ ಬಾಯಿ ಹಾಕಿದವು. ಮಳೆನೀರಿಗೆ ಒಂದು ಹೆದರಿಕೆ, ವಿಷಕ್ಕೆ ಇನ್ನೊಂದು ಹೆದರಿಕೆ ಎಂದು ಹುಳುವಿನಲ್ಲಿ ಎರಡು ಇರಲಿಲ್ಲ. ಇದ್ದದ್ದು ಒಂದೇ. ಅದನ್ನು ಅವಳು ಆರು ವರ್ಷ ಕೂತು ಹೆಕ್ಕಿ ಹೆಕ್ಕಿ ತೆಗೆದಿದ್ದಳು. ಅವಳು ಆ ಆಯ್ಕೆಯನ್ನೆಲ್ಲ ಬರೆದಿಟ್ಟಿದ್ದ ಟಿಪ್ಪಣಿಯ ಪುಸ್ತಕ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ನಡೆದಳು.

ಡಾಕ್ಟರ್ ವಿಶ್ವಂಭರ ಪುಟ ತಿರುವುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು. ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

"ಇದನ್ನು ಯಾರಿಗೆ ತೋರಿಸಿದ್ದೀರಿ?"

"ಯಾರಿಗೂ ಇಲ್ಲ ಸರ್. ಸಮಿತಿಯವರಿಗೆ ಕೊಡಬೇಕು. ತಪ್ಪು ನನ್ನದು."

"ನಿಮ್ಮದು ಎಂದು ನೀವು ಹೇಳಿ ಹಗುರಾಗುತ್ತೀರಿ ರೋಹಿಣಿ. ಈ ಹುಳುಗಳು ಈಗ ಹನ್ನೆರಡು ಅಳಿವೆಯಲ್ಲಿವೆ. ಎಲ್ಲ ಕಡೆ ದೀಪ ಆರಿಸಿದರೆ ಎಷ್ಟು ಸಾವಿರ ಹೆಂಗಸರು ನೀರಿಗಿಳಿಯುವಂತಿಲ್ಲ, ಯೋಚಿಸಿದ್ದೀರಾ? ಬದಲಿಗೆ ಹಾಕಲು ನಮ್ಮಲ್ಲಿ ಏನಿದೆ?"

"ಕಾಡುಹುಳುಗಳನ್ನು ಹುಡುಕಿ ತರುತ್ತೇನೆ ಸರ್. ಅಳಿವೆಯ ಹೊರಗಿನ ಬಂಡೆಗಳಲ್ಲಿ ಇರುತ್ತವೆ. ಅವು ಹೆದರುತ್ತವೆ."

"ತನ್ನಿ, ನೋಡೋಣ," ಎಂದರು. ಪುಸ್ತಕವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ತಮ್ಮ ಕಪಾಟಿಗೆ ಹಾಕಿ ಬೀಗ ತಿರುಗಿಸಿದರು.

ನಾಲ್ಕು ದಿನ ರೋಹಿಣಿ ಬಂಡೆಯಿಂದ ಬಂಡೆಗೆ ಅಲೆದಳು. ಹುಳುಗಳೇನೋ ಸಿಕ್ಕವು, ಬುಟ್ಟಿ ತುಂಬ ಸಿಕ್ಕವು. ತೊಟ್ಟಿಗೆ ಹಾಕಿ ಕೆಂಪು ನೀರು ಬಿಟ್ಟಳು. ಒಂದೂ ಮುಚ್ಚಳ ಹಾಕಲಿಲ್ಲ. ವರ್ಷ ವರ್ಷವೂ ಅವಳು ಕನಿಕರಪಟ್ಟು ನೀರಿಗೆ ಬಿಟ್ಟಿದ್ದ ಸಮಾಧಾನಿಗಳ ಸಂತತಿ ಅದು. ಗಟ್ಟಿಮುಟ್ಟಾದ, ಹೊಟ್ಟೆಬಾಕ ಹುಳುಗಳು. ಬಂಡೆಗಳ ಮೇಲಿನ ಆಹಾರವನ್ನೆಲ್ಲ ಮುಕ್ಕಿ ಹಳೆಯ ಪುಕ್ಕಲು ಕುಲವನ್ನು ಹಸಿವಿನಿಂದಲೇ ಮುಗಿಸಿದ್ದವು. ಅವಳು ತೊಟ್ಟಿಯ ಅಂಚಿಗೆ ತಲೆ ಚಚ್ಚಿಕೊಂಡು ಅತ್ತಳು. ಅಳುವವಳ ಎದುರಿಗೇ ಅವು ಮೇಯುತ್ತಿದ್ದವು.

ಆ ರಾತ್ರಿ ಕಳೆದು ಬೆಳಗಾದೊಡನೆ ಅವಳು ಮೇಜಿನ ಮೇಲಿನ ಗುಂಡಿ ಒತ್ತಿ ದೀಪ ಕೆಂಪು ಮಾಡಿದಳು. ಮಧ್ಯಾಹ್ನದೊಳಗೆ ಮೇಲಿನಿಂದ ಆದೇಶ ಬಂತು: ಉಪಕರಣ ಸರಿ ಇದೆಯೆಂದು ಸಮಿತಿಯೇ ಹೇಳಿರುವಾಗ ಮನುಷ್ಯರ ಕೈ ನಡುವೆ ಬರಬಾರದು. ಇಬ್ಬರು ಬಂದು ಗುಂಡಿಯನ್ನು ಬಿಚ್ಚಿಕೊಂಡು ಹೋದರು. ಪಂಜರಗಳಿಗೆ ಸಿಹಿನೀರು ಸುರಿದು ಹುಳುಗಳನ್ನು ಹೆದರಿಸಲೂ ನೋಡಿದಳು ರೋಹಿಣಿ. ಅವು ಅದಕ್ಕೂ ಜಗ್ಗಲಿಲ್ಲ. ಅಷ್ಟು ಚೆನ್ನಾಗಿ ಸಾಕಿದ್ದಳು.

ಹೊನ್ನಪ್ಪನ ಹನ್ನೆರಡನೇ ದಿನದ ಕಾರ್ಯ ಮುಗಿದ ಸಂಜೆ ಅವಳು ಅಕ್ಕನ ಮುಂದೆ ಕೂತಳು. ಬಂದ ನೆಂಟರು ಹೋಗಿಯಾಗಿತ್ತು. ಬೀರಮ್ಮ ತಾನಾಗಿಯೇ ಮಾತು ತೆಗೆದಳು.

"ನಂದೇ ತಪ್ಪಿರ್ಬೇಕು ಕಾಣೇ. ಆವತ್ತು ಗಡಿಬಿಡೀಲಿ ಎರಡೇ ನೀರಲ್ಲಿ ತೊಳ್ದೆ. ಮೂರನೇ ನೀರು ಹಾಕಿದ್ರೆ..."

"ಎಷ್ಟು ನೀರು ಹಾಕಿದ್ರೂ ಹೋಗ್ತಿರ್ಲಿಲ್ಲ ಅಕ್ಕ."

"ನಿನ್ನ ಹುಳ ಹಸಿರು ತೋರ್ಸಿತ್ತಲ್ಲ. ಹುಳಕ್ಕೆ ಸುಳ್ಳು ಹೇಳೂಕೆ ಬರ್ತದ್ಯಾ? ಅಂದ್ಮೇಲೆ ತಪ್ಪು ನನ್ ಕೈದೇ."

ಇಷ್ಟು ದಿನ ಅಕ್ಕ ಈ ಕೊರಗನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಂದಿದ್ದಳು ಎಂದು ರೋಹಿಣಿಗೆ ಆಗ ತಿಳಿಯಿತು. ಇನ್ನು ತಡೆಯಲಾಗಲಿಲ್ಲ. ಪುಕ್ಕಲು ಹುಳುಗಳನ್ನು ಬದಿಗೆ ಹಾಕಿದ್ದು, ಹೆದರದವನ್ನು ಆರಿಸಿದ್ದು, ಗುಂಡಿಯ ಮೇಲಿಟ್ಟ ಬೆರಳನ್ನು ತೆಗೆದದ್ದು, ಎಲ್ಲ ಹೇಳಿದಳು. "ನಿಂಗೋಸ್ಕರ ಮಾಡ್ದೆ ಅಕ್ಕ," ಎಂದಳು ಕೊನೆಗೆ. ಹೇಳಿದ ಮೇಲೆ ಆ ಮಾತು ಎಷ್ಟು ಕೆಟ್ಟದ್ದೆಂದು ಅವಳಿಗೇ ಕೇಳಿಸಿತು.

ಬೀರಮ್ಮ ಮೂಲೆಯಲ್ಲಿದ್ದ ಖಾಲಿ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ಬಳಚು ಮನೆಗೆ ತಂದ ಮೇಲೆ ಹೆಂಗಸರು ಮಾಡುವ ಮೊದಲ ಕೆಲಸವೊಂದಿದೆ: ಬುಟ್ಟಿಯನ್ನು ಕುಲುಕಿ ಬಡಿಯುವುದು. ಜೀವವಿದ್ದ ಚಿಪ್ಪು ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಬಿಟ್ಟುಕೊಂಡೇ ಇದ್ದದ್ದು ಸತ್ತದ್ದು, ಕೊಳೆತದ್ದು.

"ಹೆದರ್ಕಂಡು ಬಾಯಿ ಮುಚ್ಚದ ಚಿಪ್ಪನ್ನ ನಾವು ಎತ್ತಿ ಎಸೀತೇವೆ," ಎಂದಳು ಬೀರಮ್ಮ. "ನಡೆಯೂಕೆ ಕಲ್ತಾಗಿಂದ ನಿಂಗೆ ತೋರ್ಸಿದ್ದೆ. ಓದಿ ಓದಿ ನೀನು ಅದನ್ನೇ ಹೆಕ್ಕಿ ಇಟ್ಕಂಡ್ಯಾ?"

ರೋಹಿಣಿ ಅಕ್ಕನ ಕಾಲು ಹಿಡಿದಳು. ಬೀರಮ್ಮ ಕಾಲು ಎಳೆದುಕೊಳ್ಳಲಿಲ್ಲ, ತಲೆ ನೇವರಿಸಲೂ ಇಲ್ಲ.

"ಪುಕ್ಲು ಯಾವ್ದು ಅಂತ ಕೇಳಿದ್ದು ನಾನೇ," ಎಂದಳು. "ಏಳು. ಕಾಲು ಬಿಡು."

ಮರುದಿನದಿಂದ ಬೀರಮ್ಮ ತಾನೇ ಹುಳುವಾದಳು. ತಂಗಿ ಮಾಡಿದ್ದನ್ನು ಹೆಂಗಸರಿಗೆ ತಿಳಿಸಿ, ದೀಪವನ್ನು ನಂಬಬೇಡಿರೆಂದು ಹೇಳಿದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಇಳಿದು, ದಿಬ್ಬದಿಂದ ನಾಲ್ಕು ಬಳಚು ತಂದು, ಒಂದು ಚೂರು ಮಾಂಸವನ್ನು ತುಟಿಯ ಒಳಗೆ ಒತ್ತಿಟ್ಟುಕೊಂಡು ದಕ್ಕೆಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಅರ್ಧ ಗಂಟೆ ಕಾದು ಆ ಚೂರನ್ನು ಉಗುಳಿ, ಬಾಯಿ ತೊಳೆದು, ತುಟಿ ಮುಟ್ಟಿಕೊಂಡು ನೋಡಿ ಇಳಿಯಬಹುದೋ ಬಾರದೋ ಹೇಳುವಳು. ಹೆಂಗಸರು ಖಾಲಿ ಬುಟ್ಟಿ ಹಿಡಿದು ಸುತ್ತ ನಿಂತಿರುವರು. ರೋಹಿಣಿ ಬೇಡವೆಂದು ಗೋಗರೆದಳು. "ಒಂದು ಚೂರಿನ ವಿಷಕ್ಕೆ ನಾ ಸಾಯೂದಿಲ್ಲ. ಸತ್ರೆ ಕೆಂಪು ದೀಪ ಅಂತ ತಿಳ್ಕಳ್ಳಿ," ಎಂದಳು ಬೀರಮ್ಮ.

ಮೊದಲ ದಿನ "ಬೇಡ" ಎಂದಳು. ಎಲ್ಲರೂ ತಲೆಯಾಡಿಸಿ ಮನೆಗೆ ಹೋದರು. ಒಂಬತ್ತು ಮನೆಯಲ್ಲಿ ಸೂತಕದ ವಾಸನೆ ಇನ್ನೂ ಹೋಗಿರಲಿಲ್ಲ. ಎರಡನೇ ದಿನವೂ ಬೇಡ. ನಾಲ್ಕನೇ ದಿನ "ಇವತ್ತು ಅಡ್ಡಿಲ್ಲ" ಎಂದಾಗ ದಕ್ಕೆಯಲ್ಲಿ ಹಬ್ಬವೇ ಆಯಿತು. ಆಮೇಲೆ ಮತ್ತೆ ಬೇಡ. ಹೀಗೆ ಒಂದೇ ಸಮನೆ ಐದು ದಿನ, ಆರು ದಿನ, ಎಂಟು ದಿನ. ನೀರಿನ ಬಣ್ಣ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತಿತ್ತು. ಮೇಲೆ ದೀಪ ಹಸಿರು. ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಗೊಣಗಿದರು, ಆಮೇಲೆ ಕೇಳಿಸುವ ಹಾಗೆಯೇ ಗೊಣಗಿದರು.

ಒಂಬತ್ತನೇ ಬೆಳಿಗ್ಗೆ ರೋಹಿಣಿ ದಕ್ಕೆಗೆ ಬಂದಾಗ ಬೀರಮ್ಮ ತನ್ನ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಗುಂಪು ಹತ್ತು ಮಾರು ಆಚೆ, ಗಣಪಿ ಎಂಬ ಮುದುಕಿಯ ಸುತ್ತ ನೆರೆದಿತ್ತು. ಗಣಪಿಯ ಕೈಯಲ್ಲಿ ಒಡೆದ ಬಳಚಿನ ಚಿಪ್ಪು.

"ಇದೆಂತದು?" ಎಂದು ರೋಹಿಣಿ ಗುಂಪಿನ ಅಂಚಿನವಳನ್ನು ಕೇಳಿದಳು.

"ಇವತ್ತಿಂದ ಗಣಪಕ್ಕ ನೋಡ್ತಾಳೆ," ಎಂದಳು ಆಕೆ, ಕಣ್ಣು ತಪ್ಪಿಸಿ. "ಬೀರಕ್ಕನ ಮೇಲೆ ನಮ್ಗೆ ಸಿಟ್ಟಿಲ್ಲ. ಪಾಪ, ಗಂಡ ಹೋದ್ಮೇಲೆ ಅವ್ಳಿಗೆ ಎಲ್ಲಾದ್ರಲ್ಲೂ ವಿಷವೇ ಕಾಣ್ತದೆ. ಗಣಪಕ್ಕ ಹೆದರೂ ಜನ ಅಲ್ಲ. ಸಮಾಧಾನ್ದವ್ಳು."

ರೋಹಿಣಿ ಗುಂಪಿನೊಳಗೆ ನುಗ್ಗಿದಳು. ಗಣಪಿಯ ಬಾಯಿಯ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಐವತ್ತು ವರ್ಷದಿಂದ ಎಲೆ, ಸುಣ್ಣ, ಹೊಗೆಸೊಪ್ಪು ಅವಳ ದವಡೆಯಿಂದ ಇಳಿದದ್ದಿಲ್ಲ. ಸುಡುಸುಡುವ ಗಂಜಿಯನ್ನು ಊದದೆ ಕುಡಿಯುತ್ತಾಳೆ, ಅವಳ ತುಟಿಗೆ ಬಿಸಿಯೂ ಇಲ್ಲ, ಖಾರವೂ ಇಲ್ಲ. ಇದು ಇಲ್ಲಿ ನಿಂತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಗೊತ್ತಿದ್ದೇ ಅವಳನ್ನು ಆರಿಸಿದ್ದರು.

"ಅವ್ಳ ಬಾಯಿಗೆ ಎಂತದೂ ತಾಗೂದಿಲ್ಲ!" ಎಂದು ರೋಹಿಣಿ ಕೂಗಿದಳು. "ಗೊತ್ತಿಲ್ವಾ ನಿಮ್ಗೆ? ಕೇಳಿ ನನ್ನ ಮಾತು. ನಾನೂ ಇದನ್ನೇ ಮಾಡ್ದೆ. ಆರು ವರ್ಷ ಇದನ್ನೇ ಮಾಡ್ದೆ!"

"ನೀ ಮಾಡಿದ್ದಕ್ಕೇ ಅಲ್ವಾ ಈಗ ನಾವು ಚಿಪ್ಪು ನೆಕ್ಕಿ ನೋಡೂದು?" ಎಂದಳು ಇನ್ನೊಬ್ಬಳು. "ನೀನು ಸುಮ್ನೆ ಇರು. ಮನೇಲಿ ಎಂಟು ದಿನ ಆತು ಒಲೆ ಹೊತ್ತಿ."

 ಗಣಪಿ ಕವಳದ ಬಾಯಿಯಲ್ಲೇ ಬಳಚಿನ ಚೂರನ್ನು ತುಟಿಯೊಳಗೆ ಹೊರಳಿಸಿದಳು. ಅರ್ಧ ಗಂಟೆ ಕಾಯುವ ಗೋಜಿಗೂ ಹೋಗಲಿಲ್ಲ. ಕೆಂಪಗೆ ಉಗುಳಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಎಂತದೂ ಇಲ್ಲ. ಇಳೀರಿ," ಎಂದಳು. ಒಮ್ಮೆಗೇ ಬುಟ್ಟಿಗಳು ಸೊಂಟಕ್ಕೇರಿದವು.

ರೋಹಿಣಿ ಅಕ್ಕನ ಹತ್ತಿರ ಓಡಿ ಬಂದು ಅವಳ ಮುಂದೆ ಮಂಡಿಯೂರಿದಳು. "ಅಕ್ಕ, ನೀ ಇವತ್ತು ನೋಡಿದ್ಯಾ? ನಿನ್ನ ತುಟಿ ಎಂತ ಹೇಳ್ತದೆ?"

ಬೀರಮ್ಮ ಮಾತಾಡಲು ಬಾಯಿ ತೆರೆದಳು. ಕೆಳತುಟಿ ಒಂದು ಬದಿಗೆ ಜೋತು ಬಿದ್ದಿತ್ತು. ಜೊಲ್ಲು ಇಳಿಯುತ್ತಿರುವುದು ಅವಳಿಗೇ ತಿಳಿದಿರಲಿಲ್ಲ. ಗಲ್ಲವನ್ನು ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಜೋಡಿಸಿ, "ಹೋಗ್ಬೇಡಿ ಅನ್ನು," ಎಂದಳು. ಆ ತೊದಲು ಮಾತು ಎದುರಿಗಿದ್ದ ರೋಹಿಣಿಗೇ ಸರಿಯಾಗಿ ಕೇಳಲಿಲ್ಲ. ಹೆಂಗಸರು ಆಗಲೇ ಮೊಣಕಾಲು ನೀರಿಗೆ ಇಳಿದು, ಕೆಸರಿನಲ್ಲಿ ಕಾಲಾಡಿಸುತ್ತ ಬಳಚು ತಡಕತೊಡಗಿದ್ದರು.